ಒಂದೂವರೆ ಬೆರಳು ಹಾಲು

ಎಡ್ನಾ ಪ್ರುಯಿಟ್‌ಳ ಹೆಸರಿನಲ್ಲಿ 'ಎಡ' ಇತ್ತು, ಕೈಯಲ್ಲಿರಲಿಲ್ಲ. ಹುಟ್ಟುವಾಗ ಇತ್ತು. ಅಯೋವಾದ ಡುಬ್ಯೂಕ್ ಊರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಪರ್ಪೆಚುವಾ ಎಂಬ ಪುಣ್ಯಾತ್ಗಿತ್ತಿ ಆರು ತಿಂಗಳು ಅಡಿಕೋಲಿನಿಂದ ಗೆಣ್ಣಿನ ಮೇಲೆ ಬಾರಿಸಿ ಅದನ್ನು ಬಲಕ್ಕೆ ತಿರುಗಿಸಿದ್ದರು. ಪೆಟ್ಟು ತಿಂದ ಎಡಗೈ ಬರೆಯುವುದನ್ನೇನೋ ಬಿಟ್ಟಿತು. ಆದರೆ ಯಾರು ಯಾವ ಕೈಯಲ್ಲಿ ಏನು ಹಿಡಿದಿದ್ದಾರೆ ಎಂದು ನೋಡುವ ಚಟ ಎಡ್ನಾಳ ಕಣ್ಣಿಗೆ ಅಂಟಿಕೊಂಡಿತು. ಮುಂದೆ ಆ ಚಟವೇ ಅವಳಿಗೆ ಅನ್ನ ಹಾಕಿತು.

ಹಾಲಿವುಡ್ಡಿನ ಮೆರಿಡೆಲ್ ಸ್ಟುಡಿಯೋದಲ್ಲಿ ಅವಳನ್ನು 'ಸ್ಕ್ರಿಪ್ಟ್ ಹುಡುಗಿ' ಎಂದು ಕರೆಯುತ್ತಿದ್ದರು. ಹುಡುಗಿಗೆ ಆಗ ನಲವತ್ತೊಂದು. ಸಿನಿಮಾ ಅಂದರೆ ಚೂರುಚೂರು ಬಟ್ಟೆ ಸೇರಿಸಿ ಹೊಲಿದ ಕೌದಿ. ನಾಯಕಿ ಸೋಮವಾರ ಅರ್ಧ ಲೋಟ ಹಾಲು ಕುಡಿದರೆ ಉಳಿದರ್ಧವನ್ನು ಗುರುವಾರ ಕುಡಿಯುತ್ತಾಳೆ. ತೆರೆಯ ಮೇಲೆ ಅದು ಒಂದೇ ಗುಟುಕು. ನಡುವಿನ ಮೂರು ದಿನ ಹಾಲು ಏರಬಾರದು, ಇಳಿಯಬಾರದು. ಸೇದಿ ಗಿಡ್ಡವಾದ ಸಿಗರೇಟು ಮತ್ತೆ ಉದ್ದವಾಗಬಾರದು. ಕ್ಯಾಮೆರಾದ ಮಗ್ಗುಲಲ್ಲಿ ಮಡಚುವ ಸ್ಟೂಲಿನ ಮೇಲೆ ಕುಳಿತು ಇದನ್ನೆಲ್ಲ ಬರೆದಿಡುವುದು ಎಡ್ನಾಳ ಕೆಲಸ. ಕೆಟ್ಟುಹೋದ ಟೇಕುಗಳನ್ನು ಅವಳು ಬರೆದಿಡುತ್ತಿರಲಿಲ್ಲ. ನಿರ್ದೇಶಕ 'ಇದು ಸರಿ' ಎಂದದ್ದಷ್ಟೇ ಹಾಳೆಯಲ್ಲಿ ಉಳಿಯಬೇಕು, ಮಿಕ್ಕದ್ದು ರಬ್ಬರಿನ ಪಾಲು. ಅದು ಆ ಕಸುಬಿನ ಕಟ್ಟಳೆ.

ಹನ್ನೊಂದು ವರ್ಷದಲ್ಲಿ ಅವಳ ಹಾಳೆ ಒಮ್ಮೆಯೂ ತಪ್ಪಿರಲಿಲ್ಲ. ಊರಲ್ಲಿ ಜಗಳವಾದರೆ ಬೈಬಲ್ಲು ತರಿಸುತ್ತಾರೆ. ಮೆರಿಡೆಲ್‌ನಲ್ಲಿ ಎಡ್ನಾಳ ಹಾಳೆ ತರಿಸುತ್ತಿದ್ದರು. ಮದುವೆ ಆಗಿರಲಿಲ್ಲ. ಬಂದ ಒಬ್ಬಿಬ್ಬರು ಗಂಡಸರಿಗೆ ಅವರು ಹಿಂದಿನ ವಾರ ಆಡಿದ ಮಾತನ್ನು ಇವಳು ಅಕ್ಷರಶಃ ನೆನಪಿಸಿದ್ದಳಂತೆ. ನೆನಪು ಗಟ್ಟಿ ಇರುವವರ ಹತ್ತಿರ ನೆಪ ನಡೆಯುವುದಿಲ್ಲವಲ್ಲ, ಅವರು ಮತ್ತೆ ಬರಲಿಲ್ಲ.

ಸೆಟ್ಟಿನಲ್ಲಿ ಅವಳ ಜೋಡಿ ಫೌಸ್ತಿನೋ ಅರ್ಬೋಲೆಡಾ. ಲೋಟ, ಛತ್ರಿ, ನಕಲಿ ಬಂದೂಕು, ಹೀಗೆ ನಟರ ಕೈಗೆ ಏರುವ ಸಾಮಾನಿಗೆಲ್ಲ ಅವನೇ ಉಸ್ತುವಾರಿ. ಮೆಕ್ಸಿಕೋ ಗಡಿಯ ಈಚೆಗಿನ ಟೂಸಾನ್‌ನಲ್ಲಿ ಹುಟ್ಟಿದವನು, ಹೆಸರಷ್ಟೇ ಗಡಿಯಾಚೆಯದು. ಹೊಟ್ಟೆ ದೊಡ್ಡದು, ನಾಲಿಗೆ ಅದಕ್ಕಿಂತ ದೊಡ್ಡದು.

"ಮಿಸ್ ಎಡ್ನಾ, ಹಾಲೆಷ್ಟು?"

"ಒಂದೂವರೆ ಬೆರಳು."

"ಯಾರ ಬೆರಳು? ನಿಮ್ಮದು ಕಡ್ಡಿ, ನನ್ನದು ಬಾಳೆಹಣ್ಣು."

"ಹನ್ನೊಂದು ವರ್ಷದಿಂದ ನಿನ್ನ ಬೆರಳೇ ಅಳತೆ. ಬಾಯ್ಮುಚ್ಕೊಂಡು ಸುರಿ."

"ನೋಡ್ರಪ್ಪಾ! ಹೊರಗೆ ಜನ ಕೆಲಸ ಇಲ್ದೆ ಧರ್ಮದ ಸೂಪಿಗೆ ಸಾಲು ನಿಂತಿದಾರೆ, ಇಲ್ಲಿ ಹಾಲು ಅಳೆಯೋಕೆ ಇಬ್ಬರಿಗೆ ಸಂಬಳ."

ದಿನವೂ ಇದೇ ಮಾತು. 'ಯಾರ ಬೆರಳು' ಎಂದು ಅವನು ಕೇಳದೆ ಷಾಟು ಶುರುವಾಗುತ್ತಿರಲಿಲ್ಲ.

ಆ ಸ್ಟುಡಿಯೋದ ದೊಡ್ಡ ತಾರೆ ಲೆನೋರ್ ವೇಲ್. ತೆರೆಯ ಮೇಲೆ ಬಲಗೈಯವಳು, ಮನೆಯಲ್ಲಿ ಎಡಗೈಯವಳು. ಎಡಗೈಯಲ್ಲಿ ಚಹಾ ಕುಡಿಯುವ ರಾಣಿಯನ್ನು ಜನ ಒಪ್ಪುವುದಿಲ್ಲ ಎಂದು ಸ್ಟುಡಿಯೋದವರು ಮೊದಲ ಸಿನಿಮಾದಲ್ಲೇ ಕೈ ಬದಲಾಯಿಸಿದ್ದರು. ಬದಲಾಯಿಸಿದವರೂ ಅದನ್ನು ಎಂದೋ ಮರೆತಿದ್ದರು; ಈಗ ಇದು ಗೊತ್ತಿದ್ದದ್ದು ಅವಳ ತಾಯಿಗೆ, ಮನೆಗೆಲಸದವಳಿಗೆ ಮತ್ತು ಎಡ್ನಾಗೆ. ಪ್ರತಿ ಶನಿವಾರ ಎಡ್ನಾ ಲಾಸ್ ಫೆಲಿಜ್‌ನಲ್ಲಿದ್ದ ಅವಳ ಮನೆಗೆ ಹೋಗಿ ಮುಂದಿನ ವಾರದ ಮಾತುಗಳನ್ನು ಅವಳ ಬಾಯಿಂದ ಹೇಳಿಸುತ್ತಿದ್ದಳು. ಚುನಾವಣೆಗೆ ಹದಿನೇಳು ದಿನವಿದ್ದ ಒಂದು ಶನಿವಾರ, ಸಂಜೆ ಐದಕ್ಕೆ, ಲೆನೋರ್ ಪುಸ್ತಕ ಮುಚ್ಚಿದಳು.

"ಸಾಕು ಕಣೇ, ಹೊರಡು. ಇವತ್ತು ದೊಡ್ಡವರು ಬರ್ತಾರೆ."

"ಯಾರು?"

"ಹೆಸರು ಕೇಳ್ಬೇಡ. ಊರ ಗೋಡೆ ತುಂಬ ಅವರ ಮುಖಾನೇ ಅಂಟಿಸಿದಾರೆ. ಹೆಂಡ್ತೀನ ಬಿಡ್ತೀನಿ ಅಂತ ಎರಡು ವರ್ಷದಿಂದ ಹೇಳ್ತಿದಾರೆ. ಬಿಡಲ್ಲ ಅಂದ್ರೆ ಅವರು ಬರೆದ ಕಾಗದಗಳೆಲ್ಲ ಸೋಮವಾರ ಪತ್ರಿಕೆಯವರಿಗೆ."

"ಇದು ಮುಂದಿನ ಸಿನಿಮಾದ ಮಾತಾ?"

ಲೆನೋರ್ ನಕ್ಕಳು. "ಸಿನಿಮಾ ಆಗಿದ್ರೆ ಇಷ್ಟೊತ್ತಿಗೆ ನೀನು ಬರ್ಕೊಂಡಿರ್ತಿದ್ದೆ."

ಮರುದಿನ ಭಾನುವಾರ ಅಯೋವಾದವರ ವನಭೋಜನ. ಕ್ಯಾಲಿಫೋರ್ನಿಯಾಕ್ಕೆ ಬಂದ ಅಯೋವಾದವರು ಕಿತ್ತಳೆ ಮರದ ಕೆಳಗೆ ಕುಳಿತು ತಮ್ಮೂರಿನ ಜೋಳವನ್ನು ಹೊಗಳುವ ಹಬ್ಬ ಅದು. ಎಡ್ನಾ ಬೆಳಿಗ್ಗೆ ಎಂಟಕ್ಕೆ ಬಟ್ಟಲು ತುಂಬ ಆಲೂಗೆಡ್ಡೆ ಪಲ್ಯ ಕಲಸಿ ಮುಚ್ಚಳ ಹಾಕುತ್ತಿದ್ದಳು. ಫೋನು ಬಡಿದುಕೊಂಡಿತು. ಮಾತಾಡಿದ್ದು ಮಾರ್ಟಿ ಗ್ರೂಬರ್. ಸ್ಟುಡಿಯೋದ ಪ್ರಚಾರದ ಮುಖ್ಯಸ್ಥ; ಎಲ್ಲಿ ಅಪಚಾರವಾಯಿತೋ ಅಲ್ಲಿ ಉಪಚಾರಕ್ಕೂ ಅವನೇ.

"ಎಡ್ನಾ ತಾಯೀ, ಹಾಳೆ ಪೆನ್ಸಿಲ್ ತಗೊಂಡು ರೆಡಿಯಾಗು. ಕಾರು ಕಳಿಸಿದೀನಿ."

"ಭಾನುವಾರ ಷೂಟಿಂಗಾ?"

"ಷೂಟಿಂಗ್ ಆಗ್ಹೋಗಿದೆ. ಬಾ."

ಬಟ್ಟಲನ್ನು ಕೆಳಗಿಡಲೂ ಮರೆತು ಅವಳು ಕಾರು ಹತ್ತಿದಳು.

ಲೆನೋರ್ ವೇಲ್ ತನ್ನ ಕೋಣೆಯ ನೀಲಿ ಸೋಫಾದ ಮೇಲೆ ಸತ್ತು ಬಿದ್ದಿದ್ದಳು. ಎದೆಯಲ್ಲಿ ಗುಂಡು, ಕೈಯಲ್ಲಿ ಬಂದೂಕು. ಪೊಲೀಸರು ಇನ್ನೂ ಬಂದಿರಲಿಲ್ಲ. ಆ ಊರಿನಲ್ಲಿ ಬೆಂಕಿ ಬಿದ್ದರೂ ಮೊದಲು ಸ್ಟುಡಿಯೋಕ್ಕೆ ಫೋನು ಮಾಡಿ, ಅವರು 'ಹೂಂ' ಅಂದ ಮೇಲೆ ನೀರಿನವರಿಗೆ ಮಾಡುತ್ತಿದ್ದರು. ಗ್ರೂಬರ್ ಎಡ್ನಾಳ ಕೈಯಿಂದ ಬಟ್ಟಲು ತೆಗೆದು ಪಿಯಾನೋದ ಮೇಲಿಟ್ಟ.

"ಪಾಪದ ಹುಡುಗಿ ತಾನೇ ಮಾಡ್ಕೊಂಡಿದಾಳೆ. ಯಾರೋ ಒಬ್ಬರು ಬಂದಿದ್ದರು, ಆಗಲ್ಲ ಅಂದು ಹೋದರು, ಆಮೇಲೆ ಹೀಗೆ. ಅವಳ ತಾಯಿ ಹತ್ತಕ್ಕೆ ಚರ್ಚು ಮುಗಿಸಿ ಮಗಳನ್ನ ನೋಡೋಕೆ ಇಲ್ಲಿಗೆ ಬರ್ತಾಳೆ. ಮಗಳ ಕೋಣೇಲಿ ಗಂಡಸಿನ ಗುರುತು ಅವಳ ಕಣ್ಣಿಗೆ ಬೀಳಬೇಕಾ? ನಿನ್ನೆ ನೀನು ಹೊರಟಾಗ ಕೋಣೆ ಹೇಗಿತ್ತೋ ಹಾಗೆ ಮಾಡಿಕೊಡು. ನಿನ್ನ ಬಿಟ್ರೆ ಇನ್ಯಾರಿಗೆ ಗೊತ್ತು?"

ಎಡ್ನಾ ಅಳುತ್ತಲೇ ಮಾಡಿದಳು. ಅಳುವ ಕಣ್ಣಿಗೂ ಕಸುಬು ಕಾಣುತ್ತದೆ. ಮೇಜಿನ ಮೇಲೆ ಎರಡು ಲೋಟ. ನಿನ್ನೆ ಒಂದೇ ಇತ್ತು. ಕುರ್ಚಿ ಕಿಟಕಿಯ ಕಡೆ ತಿರುಗಿರಬೇಕಿತ್ತು. ಬೂದಿ ತಟ್ಟೆಯಲ್ಲಿ ಕೆಂಪು ಪಟ್ಟಿಯ ಚುಟ್ಟಾದ ತುಂಡು, ತುದಿಯನ್ನು ಹಲ್ಲಿನಿಂದ ಚಪ್ಪಟೆಯಾಗಿ ಅಗಿದದ್ದು. ಗ್ರೂಬರ್ ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ. ಎಲ್ಲ ಮುಗಿದ ಮೇಲೆ ಅವಳು ಕ್ಯಾಮೆರಾ ಇರಬಹುದಾದ ಜಾಗಕ್ಕೆ ಹಿಂದೆ ಸರಿದು, ಅಭ್ಯಾಸದಂತೆ ತಲೆಯಿಂದ ಕಾಲಿನವರೆಗೆ ನೋಡಿದಳು. ಬಾಯಿ ತಾನಾಗಿಯೇ ಆಡಿತು:

"ಬಂದೂಕು ತಪ್ಪು ಕೈಯಲ್ಲಿದೆ. ಅವಳು ಎಡಗೈಯವಳು."

ಗ್ರೂಬರ್ ಅವಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೈಗವಸು ಹಾಕಿಕೊಂಡು ಬಂದೂಕನ್ನು ಬಲಗೈಯಿಂದ ಎಡಗೈಗೆ ದಾಟಿಸಿದ, ಮಗುವಿನ ಕೈಗೆ ಗಿಲಕಿ ಕೊಡುವಷ್ಟು ಮೆಲ್ಲಗೆ.

"ಈಗ?"

"ಈಗ ಸರಿ," ಎಂದಳು ಎಡ್ನಾ. ಸರಿಯಾದದ್ದನ್ನು ಬರೆದಳು: ಬೆಳಿಗ್ಗೆ ೮.೪೦, ಲೋಟ ಒಂದು, ಕುರ್ಚಿ ಕಿಟಕಿಗೆ, ಬಂದೂಕು ಎಡಗೈ. ಗ್ರೂಬರ್ ಕೈ ಚಾಚಿದ. ಅವಳು ಹಾಳೆಯನ್ನೂ ಅದರ ಕಾರ್ಬನ್ ಪ್ರತಿಯನ್ನೂ ಹರಿದು ಕೊಟ್ಟಳು. ಪಿಯಾನೋದ ಮೇಲಿನ ಬಟ್ಟಲನ್ನು ಅವನೇ ಮರೆಯದೆ ಎತ್ತಿಕೊಟ್ಟ. "ವನಭೋಜನಕ್ಕೆ ಹೋಗು. ದಿನಾ ಎಲ್ಲಿರ್ತೀಯೋ ಅಲ್ಲೇ ಇರಬೇಕು, ಅಲ್ವಾ? ಅದೇ ತಾನೆ ನಿನ್ನ ಕಸುಬು?"

ಅವಳು ಹೋದಳು. ಉದ್ಯಾನದಲ್ಲಿ ಡುಬ್ಯೂಕ್‌ನವರ ಫಲಕದ ಕೆಳಗೆ ಕುಳಿತು, ಆಲೂಗೆಡ್ಡೆಗೆ ಉಪ್ಪು ಹೆಚ್ಚಾಯಿತೆಂದು ಮೂವರು ಹೆಂಗಸರಿಂದ ಅನ್ನಿಸಿಕೊಂಡಳು. ಮಧ್ಯಾಹ್ನ ವೇದಿಕೆ ಹತ್ತಿದವನು ಸೆನೆಟ್ ಅಭ್ಯರ್ಥಿ ಹಾರ್ಲನ್ ಟ್ವಿಚೆಲ್. ಮತ ಕೇಳುವವರಿಗೆ ಅಯೋವಾದವರ ವನಭೋಜನವೆಂದರೆ ಇರುವೆಗೆ ಬೆಲ್ಲ.

"ನಿನ್ನೆ ಇಡೀ ದಿನ ಫ್ರೆಸ್ನೋದ ರೈತರ ಜೊತೆಗಿದ್ದೆ," ಎಂದ ಅವನು. "ರಾತ್ರಿಯೆಲ್ಲ ಪ್ರಯಾಣ ಮಾಡಿ ನಿಮ್ಮ ಜೋಳ ತಿನ್ನೋಕೆ ಓಡಿಬಂದೆ!"

ಜನ ಚಪ್ಪಾಳೆ ಹೊಡೆದರು. ಟ್ವಿಚೆಲ್ ಕೆಳಗಿಳಿದು ಸಾಲಾಗಿ ಕೈ ಕುಲುಕುತ್ತ ಬಂದ. ಎಡ್ನಾಳ ಮುಂದೆ ನಿಂತಾಗ ಬಾಯಿಂದ ಚುಟ್ಟಾ ತೆಗೆದ. ಕೆಂಪು ಪಟ್ಟಿ. ತುದಿ ಹಲ್ಲಿನಿಂದ ಚಪ್ಪಟೆ. ಉದ್ದ ಮಾತ್ರ ಬೇರೆ.

ಆಗ ಬೆಳಗಿನ ದೃಶ್ಯ ಅವಳ ತಲೆಯೊಳಗೆ ಮತ್ತೆ ಮೊದಲಿನಿಂದ ಓಡಿತು. ಹುಟ್ಟಾ ಎಡಗೈಯವಳು ಸಾಯಲು ಹೊರಟಾಗ ಬಲಗೈಯಲ್ಲಿ ಯಾಕೆ ಹಿಡಿಯುತ್ತಾಳೆ? ಹಿಡಿಯುವುದಿಲ್ಲ. ಹಿಡಿಸಿದವನು ಅವಳನ್ನು ಸಿನಿಮಾದಲ್ಲಿ ನೋಡಿದಷ್ಟೇ ನೋಡಿದ್ದ. ಎರಡು ವರ್ಷ ಬಂದುಹೋಗಿಯೂ ಅವಳು ಯಾವ ಕೈಯವಳೆಂದು ತಿಳಿಯದ ಗಂಡಸು. ಇಡೀ ಕೋಣೆಯಲ್ಲಿ ನಿಜ ಹೇಳುತ್ತಿದ್ದದ್ದು ಆ ಒಂದು ತಪ್ಪು ಮಾತ್ರ. ಅದನ್ನು ತಾನು ತಿದ್ದಿದ್ದಳು.

"ಅಯೋವಾದಲ್ಲಿ ಯಾವೂರಮ್ಮಾ?" ಎಂದು ಟ್ವಿಚೆಲ್ ಕೇಳುತ್ತಿದ್ದ.

"ಡುಬ್ಯೂಕ್," ಎಂದಳು ಎಡ್ನಾ. ಅಷ್ಟು ಮಾತ್ರ ಬಾಯಿಗೆ ಬಂತು.

ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಸತ್ತವಳು ಸತ್ತಳು, ಈಗ ಯಾರನ್ನು ಉಳಿಸಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಮೂರನೆಯ ದಿನ ಉಳಿಸಬೇಕಾದವನು ಸಿಕ್ಕಿದ. ಬಂದೂಕು ಎಲ್ಲಿಂದ ಬಂತು ಎಂದು ಪತ್ರಿಕೆಗಳು ಕೇಳತೊಡಗಿದ್ದವು. ಸ್ಟುಡಿಯೋ ಉತ್ತರ ಹುಡುಕಿತು: ಸಾಮಾನಿನ ಕಪಾಟಿನಿಂದ. ನಕಲಿ ಬಂದೂಕಿನ ಬದಲು ಗುಂಡು ತುಂಬಿದ್ದನ್ನು ಲೆನೋರ್‌ಗೆ ಕೊಟ್ಟು ಕಳಿಸಿದ ಬೇಜವಾಬ್ದಾರಿಯವನು ಫೌಸ್ತಿನೋ ಅರ್ಬೋಲೆಡಾ. ಅವನನ್ನು ಹಿಡಿದು ಒಳಗೆ ಹಾಕಿದರು.

ಎಡ್ನಾ ನೋಡಲು ಹೋದಳು. ನಡುವೆ ತಂತಿಯ ಜಾಲರಿ.

"ನನ್ನ ರಿಜಿಸ್ಟರಲ್ಲಿ ನನ್ನ ಸಹಿ ಇದೆ, ಮಿಸ್ ಎಡ್ನಾ. ನನಗಿಂತ ಚೆನ್ನಾಗಿ ಹಾಕಿದಾರೆ. ನೋಡಿ ಹೊಟ್ಟೆಕಿಚ್ಚಾಯ್ತು."

"ನಾನು ಹೇಳ್ತೀನಿ. ಶುಕ್ರವಾರ ಸಾವಿನ ವಿಚಾರಣೆ ಇದೆಯಲ್ಲ, ಅಲ್ಲಿ."

"ಏನ್ ಹೇಳ್ತೀರಿ?"

"ಬಂದೂಕು ಅವಳ ಬಲಗೈಲಿತ್ತು ಅಂತ. ಬೇರೆಯವರು ಇಟ್ಟಿದ್ದು ಅಂತ."

"ಎಡಕ್ಕೆ ಹಾಕಿದ್ದು ಯಾರು ಅಂತ ಕೇಳ್ತಾರೆ."

"ಹಾಕ್ಸಿದ್ದು ನಾನು. ಅದನ್ನೂ ಹೇಳ್ತೀನಿ."

ಫೌಸ್ತಿನೋ ಜಾಲರಿಯ ಹತ್ತಿರಕ್ಕೆ ಬಂದ. "ಹಾಗಾದ್ರೆ ನಿಮಗೂ ಇಲ್ಲೇ ಜಾಗ. ಕಾಫಿ ಮಾತ್ರ ಕುಡಿಯೋ ಹಾಗಿಲ್ಲ."

"ಕಾನ್ವೆಂಟಲ್ಲಿ ಇದಕ್ಕಿಂತ ಕೆಟ್ಟದ್ದು ಕುಡಿದಿದೀನಿ."

"ಮಿಸ್ ಎಡ್ನಾ, ತಮಾಷೆ ಬಿಡಿ. ಇವರು ಜೈಲಿನ ಮಾತು ಆಡ್ತಿಲ್ಲ. ಹುಟ್ಟಿದ ಕಾಗದ ಎಲ್ಲಿ ಅಂತಿದಾರೆ. ಟೂಸಾನ್‌ನ ಚರ್ಚು ಸುಟ್ಟಾಗ ಅದೂ ಸುಟ್ಟೋಯ್ತು. ಕಾಗದ ಇಲ್ದಿದ್ರೆ ಮೆಕ್ಸಿಕೋ ರೈಲು. ನನ್ನ ಹೆಂಡ್ತಿ, ಮೂರು ಹೆಣ್ಮಕ್ಕಳು. ಅಲ್ಲಿ ನನಗೆ ನಾಯೀನೂ ಗೊತ್ತಿಲ್ಲ."

"ನಾನಿದೀನಿ," ಎಂದಳು ಎಡ್ನಾ. "ನನ್ನ ಮಾತು ಯಾರೂ ತಪ್ಪು ಅಂದಿಲ್ಲ."

ಗುರುವಾರ ಗ್ರೂಬರ್ ಅವಳನ್ನು ಕರೆಸಿದ. ಬೆದರಿಸಲಿಲ್ಲ. ಕುರ್ಚಿ ಎಳೆದು ಕೂರಿಸಿದ.

"ವಿಚಾರಣೇಲಿ ಮಾತಾಡ್ತೀಯಂತೆ. ಮಾತಾಡು ಚಿನ್ನ. ಒಂದೇ ಮಾತು ಕೇಳ್ತೀನಿ. ಎದ್ದು ನಿಂತಾಗ ಸತ್ಯಾನೇ ಹೇಳ್ತೀಯಾ?"

"ಸತ್ಯಾನೇ."

"ಅಷ್ಟು ಸಾಕು," ಎಂದು ಅವನು ಸಂತೃಪ್ತಿಯಿಂದ ಕೈ ಉಜ್ಜಿಕೊಂಡ. ಎಡ್ನಾಗೆ ಅದು ಅರ್ಥವಾಗಲಿಲ್ಲ. ಜಗತ್ತಿನಲ್ಲಿ ಎಲ್ಲವನ್ನೂ ನೆನಪಿಟ್ಟುಕೊಳ್ಳುವವರಿಗೆ ಎಲ್ಲವೂ ಅರ್ಥವಾಗಬೇಕೆಂದೇನಿಲ್ಲ.

ವಿಚಾರಣೆಯ ಕೋಣೆ ಕಿಕ್ಕಿರಿದಿತ್ತು. ಒಂಬತ್ತು ಮಂದಿ ಪಂಚರು ಒಂದು ಬದಿಗೆ, ಪತ್ರಿಕೆಯವರು ಇನ್ನೊಂದು ಬದಿಗೆ, ಇಬ್ಬರು ಪೊಲೀಸರ ನಡುವೆ ಫೌಸ್ತಿನೋ. ಎಡ್ನಾ ಬೈಬಲ್ಲಿನ ಮೇಲೆ ಕೈಯಿಟ್ಟು ನಿಂತು ಹೇಳಿಯೇಬಿಟ್ಟಳು: ಬಂದೂಕು ಬಲಗೈಯಲ್ಲಿತ್ತು, ಎರಡು ಲೋಟಗಳಿದ್ದವು, ಚುಟ್ಟಾ ಇತ್ತು, ಅಂಥದೇ ಚುಟ್ಟಾವನ್ನು ಟ್ವಿಚೆಲ್ ಬಾಯಲ್ಲಿ ಕಂಡೆ. ಕೋಣೆ ಗುಜುಗುಜು ಎಂದಿತು. ಪತ್ರಿಕೆಯವರ ಪೆನ್ಸಿಲುಗಳು ಓಡಿದವು. ಒಂದು ನಿಮಿಷದ ಮಟ್ಟಿಗೆ ಫೌಸ್ತಿನೋ ತಲೆ ಎತ್ತಿ ಕುಳಿತ.

ವಿಚಾರಣೆಯ ವಕೀಲ ಕ್ರಾಬ್‌ಟ್ರೀ ಎದ್ದ. ಮೃದು ಮಾತಿನ ಮನುಷ್ಯ.

"ಮಿಸ್ ಪ್ರುಯಿಟ್, ತಮ್ಮ ಕೆಲಸ ಕಂಡದ್ದನ್ನು ಬರೆಯೋದು, ಅಲ್ಲವೇ?"

"ಹೌದು."

"ಎಷ್ಟು ವರ್ಷದಿಂದ?"

"ಹನ್ನೊಂದು."

"ಈ ಹನ್ನೊಂದು ವರ್ಷದಲ್ಲಿ ತಮ್ಮ ಹಾಳೆ ಎಷ್ಟು ಸಲ ತಪ್ಪಿದೆ?"

ಒಂದು ಸಲ ಎಂದಿದ್ದರೆ ಸಾಕಿತ್ತು. ಆದರೆ ಅವಳ ಬೆನ್ನು ನೆಟ್ಟಗಾಯಿತು, ಗದ್ದ ಮೇಲೇರಿತು. ಗಂಡನಿಲ್ಲ, ಮಕ್ಕಳಿಲ್ಲ, ಸ್ವಂತದ್ದೆಂಬ ಮನೆಯಿಲ್ಲ; ಈ ಲೋಕದಲ್ಲಿ ಅವಳದ್ದು ಅಂತ ಇದ್ದದ್ದು ಅದೊಂದೇ ಉತ್ತರ.

"ಒಂದು ಸಲವೂ ಇಲ್ಲ," ಎಂದಳು.

ಕ್ರಾಬ್‌ಟ್ರೀ ಕಡತದಿಂದ ಹಾಳೆ ತೆಗೆದ. ಅವಳು ಹರಿದು ಕೊಟ್ಟಿದ್ದ ಹಾಳೆ. ಗ್ರೂಬರ್ ಅದನ್ನು ಸುಟ್ಟಿರುತ್ತಾನೆ ಎಂದುಕೊಂಡಿದ್ದಳು. ಸುಡುವುದು ಎಳಸುಗಳ ಕೆಲಸ. ಗ್ರೂಬರ್ ಇಪ್ಪತ್ತು ವರ್ಷದಿಂದ ಆ ಕುರ್ಚಿಯಲ್ಲಿದ್ದ.

"ಪೊಲೀಸರು ಬರೋಕೆ ಮುಂಚೆ ಯಾರೂ ಏನೂ ಮುಟ್ಟಬಾರದು ಅಂತ, ಕೋಣೆ ಕಂಡ ಹಾಗೆ ಬರೆದಿಡೋಕೆ ಸ್ಟುಡಿಯೋದವರು ತಮ್ಮನ್ನು ಕರೆಸಿದ್ದರು. ಅಕ್ಷರ ತಮ್ಮದೇ? ದಯವಿಟ್ಟು ಕೊನೆಯ ಸಾಲು ಓದಿ."

"ಅದು ಬದಲಾಯಿಸಿದ ಮೇಲೆ ಬರೆದದ್ದು…"

"ಬದಲಾಯಿಸೋಕೆ ಮುಂಚೆ ಬರೆದದ್ದು ಎಲ್ಲಿದೆ?"

"ತಪ್ಪಿದ್ದನ್ನ ನಾವು ಬರೆಯಲ್ಲ."

"ಕ್ಷಮಿಸಿ, ಕೇಳಿಸಲಿಲ್ಲ."

"ತಪ್ಪಿದ್ದನ್ನ ನಾವು ಬರೆಯೋದಿಲ್ಲ," ಎಂದಳು ಎಡ್ನಾ, ಗಟ್ಟಿಯಾಗಿ. ಪಂಚರಲ್ಲಿ ಯಾರೋ ನಕ್ಕರು.

"ಕೊನೆಯ ಸಾಲು, ಮಿಸ್ ಪ್ರುಯಿಟ್."

"ಬಂದೂಕು ಎಡಗೈ."

"ಮತ್ತು ಮಿಸ್ ವೇಲ್ ಎಡಗೈಯವರು. ಅವರ ತಾಯಿಯೂ ಇಲ್ಲೇ ಹೇಳಿದರು. ಉಪಕಾರವಾಯಿತು. ದುಃಖದಲ್ಲಿ ಕಣ್ಣು ಮೋಸ ಮಾಡುತ್ತದೆ. ತಮ್ಮ ಹಾಳೆ ಮಾಡೋದಿಲ್ಲ."

ಪಂಚರು ಇಪ್ಪತ್ತು ನಿಮಿಷದಲ್ಲಿ ವಾಪಸು ಬಂದರು. ಆತ್ಮಹತ್ಯೆ, ಆಯುಧ ಒದಗಿಸಿದ್ದು ಸಾಮಾನಿನವನ ನಿರ್ಲಕ್ಷ್ಯ. ಅಧಿಕಾರಿಗಳು ಫೌಸ್ತಿನೋಗೆ ಎರಡರಲ್ಲೊಂದು ಆರಿಸಿಕೋ ಎಂದರು: ಜೈಲು, ಇಲ್ಲವೇ ಸಂಸಾರ ಸಮೇತ ಗಡಿಯಾಚೆ. ಚುನಾವಣೆಯಲ್ಲಿ ಟ್ವಿಚೆಲ್ ಗೆದ್ದ. ಮರುದಿನ ರೈಲು ಹೊರಟಿತು. ಎಡ್ನಾ ನಿಲ್ದಾಣಕ್ಕೆ ಹೋದಳು. ಕಿಟಕಿಯಲ್ಲಿ ಮೂವರು ಹೆಣ್ಣುಮಕ್ಕಳ ಮುಖಗಳು ಕಂಡವು. ಫೌಸ್ತಿನೋ ಎದ್ದು ನಿಂತು, ಅವಳನ್ನು ನೋಡಿ, ಕಿಟಕಿಯ ಪರದೆ ಎಳೆದ.

ಸ್ಟುಡಿಯೋ ಅವಳನ್ನು ತೆಗೆದುಹಾಕಲಿಲ್ಲ. ತೆಗೆದುಹಾಕಿದ್ದರೆ ಅವಳಿಗೆ ಒಂದಿಷ್ಟು ಮರ್ಯಾದೆಯಾದರೂ ಸಿಗುತ್ತಿತ್ತು. ಗ್ರೂಬರ್ ಕ್ರಿಸ್‌ಮಸ್ಸಿಗೆ ಹಂದಿತೊಡೆ ಕಳಿಸಿದ. ಅವಳು ಅದನ್ನು ಪಕ್ಕದ ಮನೆಯ ನಾಯಿಗೆ ಹಾಕಿದಳು. ನಾಯಿಗೆ ರಾಜಕೀಯ ತಿಳಿಯದು, ತಿಂದಿತು.

ಆ ಚಳಿಗಾಲದಿಂದ ಎಡ್ನಾ ಒಂದು ಹೊಸ ವ್ರತ ಹಿಡಿದಳು. ಪ್ರತಿ ಸಿನಿಮಾದಲ್ಲೂ ಒಂದು ತಪ್ಪು. ಹಾಳೆಯಲ್ಲಿ ಸರಿಯಾಗಿಯೇ ಬರೆಯುವಳು, ಷಾಟಿನ ಹೊತ್ತಿಗೆ ಬೇರೆ ಅಳತೆ ಹೇಳುವಳು. ಲೋಟದ ಹಾಲು ತಾನಾಗಿ ಒಂದು ಬೆರಳು ಏರುತ್ತಿತ್ತು. ವಿಧವೆಯ ಉಂಗುರ ಕೈ ಬದಲಾಯಿಸುತ್ತಿತ್ತು. ಮೆರಿಡೆಲ್‌ನ ಸುಳ್ಳಿನ ಕೌದಿಗೆ ತಾನೊಬ್ಬಳಾದರೂ ಒಂದು ತೂತು ಹಾಕುತ್ತಿದ್ದೇನೆ ಎಂದು ಸಮಾಧಾನ. ಎರಡು ವರ್ಷದಲ್ಲಿ ಒಂಬತ್ತು ಸಿನಿಮಾ, ಒಂಬತ್ತು ತೂತು. ನೋಡಿದವರು ಒಬ್ಬರೂ ಒಂದು ಸಾಲು ಬರೆಯಲಿಲ್ಲ.

ಬರೆದವನು ಒಬ್ಬನೇ. ಮೆಕ್ಸಿಕೋದ ಎರ್ಮೊಸಿಯೋ ಊರಿನ ಮುದ್ರೆಯಿದ್ದ ಒಂದು ಕಾರ್ಡು ಬಂತು.

"ಮಿಸ್ ಪ್ರುಯಿಟ್, ನಿಮ್ಮ ಸಿನಿಮಾ ಇಲ್ಲಿಗೆ ಬಂದಿತ್ತು. ಹಾಲು ಒಂದೂವರೆ ಬೆರಳಿದ್ದದ್ದು ಎರಡೂವರೆ ಆಯಿತು. ನಿಮ್ಮ ಕಣ್ಣು ಹೋಗಿರಲಾರದು, ಬೇಕೆಂದೇ ಮಾಡಿದ್ದೀರಿ. ಹಾಲು ತಪ್ಪಿದರೆ ಯಾರನ್ನು ಹಿಡಿಯುತ್ತಾರೆ ಎಂದು ನಿಮಗೆ ಗೊತ್ತಿಲ್ಲವೆ? ನಿಮ್ಮ ಹಾಳೆ ಸರಿಯಾಗಿರುತ್ತದಲ್ಲ. ಈಗ ಅಲ್ಲಿರುವ ಸಾಮಾನಿನವನು ಯಾರೋ ನನಗೆ ಗೊತ್ತಿಲ್ಲ. ಅವನನ್ನಾದರೂ ಬಿಟ್ಟುಬಿಡಿ. – ಫೌ. ಅ."

ಫೌಸ್ತಿನೋನ ಜಾಗಕ್ಕೆ ಬಂದಿದ್ದ ಸಾಮಾನಿನವನು ವಿಲ್ಬರ್ ಸ್ಟೌಟ್. ಮಾರ್ಚ್‌ನಲ್ಲಿ ಅವನನ್ನು ತೆಗೆದಿದ್ದರು. ಕುಡಿತ ಇರಬೇಕು ಎಂದುಕೊಂಡಿದ್ದಳು, ಕೇಳಿರಲಿಲ್ಲ. ಫಿಲಂ ಕತ್ತರಿಸಿ ಜೋಡಿಸುವ ಕೋಣೆಗೆ ಹೋಗಿ ಕೇಳಿದಳು.

"ಕುಡಿತಾನಾ? ಆ ಪ್ರಾಣಿ ನೀರು ಬಿಟ್ರೆ ಬೇರೆ ಮುಟ್ಟಿದವನಲ್ಲ," ಎಂದ ಅಲ್ಲಿದ್ದವನು, ಫಿಲಂನಿಂದ ತಲೆ ಎತ್ತದೆ. "ಹಾಲು, ಉಂಗುರ, ಒಂದೊಂದು ಸಲ ಒಂದೊಂದು ಎಡವಟ್ಟು. ನೀವೇ ಹೇಳಿದ ಅಳತೆ ಅಂತ ವಾದ ಬೇರೆ ಮಾಡಿದ. ನಿಮ್ಮ ಹಾಳೆ ತರಿಸಿ ನೋಡಿದ್ವಿ."

ಎಡ್ನಾ ಸೆಟ್ಟಿಗೆ ವಾಪಸು ಬಂದು ಸ್ಟೂಲಿನ ಮೇಲೆ ಕುಳಿತಳು. ಹೊಸಬ ಜಗ್ಗು ಹಿಡಿದು ನಿಂತಿದ್ದ, ಶಿಸ್ತಿನ ಮನುಷ್ಯ.

"ಹಾಲೆಷ್ಟು, ಮೇಡಂ?"

"ಒಂದೂವರೆ ಬೆರಳು."

ಅವನು ಸುರಿದ. ಯಾರ ಬೆರಳು ಎಂದು ಕೇಳಲಿಲ್ಲ.